ಧರ್ಮದ ವ್ಯಾನು

ಮನೆಯಿಂದ,
ಜೂನ್ ೧೨, ಗುರುವಾರ ಸಂಜೆ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಕೆಮ್ಮು ಹೋಯಿತೇ? ಚಿಕ್ಕಮ್ಮನ ಮನೆಯಲ್ಲಿ ಸರಿಯಾಗಿ ಉಣ್ಣುತ್ತಿದ್ದೀಯೋ, ಇಲ್ಲ ಮುಖ ಊದಿಸಿಕೊಂಡು ಮೂಲೆ ಹಿಡಿದಿದ್ದೀಯೋ? ಫೋನು ಮಾಡಿದರೆ ಎತ್ತುವುದಿಲ್ಲ ಮಹಾರಾಯ, ಅದಕ್ಕೇ ಈ ಕಾಗದ. ಅಮ್ಮ ಚೆನ್ನಾಗಿದ್ದಾಳೆ. ಎಷ್ಟೋ ದಿನದ ಮೇಲೆ ಇವತ್ತು ಗೊರಕೆ ಹೊಡೆದು ಮಲಗಿದಳು. ನಿನ್ನ ವ್ಯಾನು ಗುದ್ದಿದ ಕೇಸಿನ ತೀರ್ಪು ಬಂತು ಕಣೋ! ಪರಿಹಾರ ನಿನ್ನ ತಲೆಗೆ ಬರಲಿಲ್ಲ. ಅಮ್ಮನ ಈ ಎರಡು ಕೋಣೆ ಮಾರುವ ಗತಿ ತಪ್ಪಿತು.

ಲಾಂಡ್ರಿಗೆ ಅರ್ಧ ದಿನ ರಜೆ ಹಾಕಿ ಕೋರ್ಟಿಗೆ ಹೋಗಿದ್ದೆ. ಧರ್ಮಾಸ್ಪತ್ರೆಯ ಕಾರ್ಯದರ್ಶಿ, ಅದೇ ನಮ್ಮ ಅತ್ತರು ಸಾಹೇಬರು, ಘಮ್ಮೆಂದು ಮುಂದೆ ಕೂತಿದ್ದರು. ಅವರ ವಕೀಲರದು ಹಾಡಿದ್ದೇ ಹಾಡು. ನಮ್ಮದು ಧರ್ಮದ ಸಂಸ್ಥೆ, ರೋಗಿಗಳನ್ನು ಧರ್ಮಕ್ಕೆ ಕರೆತರುತ್ತೇವೆ, ಧರ್ಮಕ್ಕೆ ಔಷಧಿ ಕೊಡುತ್ತೇವೆ, ನಮ್ಮ ಮೇಲೆ ಕೇಸು ನಡೆಯುವುದಿಲ್ಲ, ಗುದ್ದಿದ ಡ್ರೈವರ್ ಕೊಡಲಿ ಅಂತ. ನನಗೆ ಮೈಯೆಲ್ಲ ಉರಿದುಹೋಯಿತು. ಆಗ ನ್ಯಾಯಾಧೀಶೆ ಕನ್ನಡಕ ತೆಗೆದು, ಟೈಲರಮ್ಮನ ಕಡೆ ಕೈ ತೋರಿಸಿ, "ಔಷಧಿ ಧರ್ಮಕ್ಕೆ ಕೊಡ್ತೀರಿ, ಸರಿ. ಈಕೆ ಕಾಲೇನು ಧರ್ಮಕ್ಕೆ ಬಂದಿತ್ತೇನ್ರೀ?" ಅಂದರು. ನಾನು ಚಪ್ಪಾಳೆ ಹೊಡೆಯುವುದೊಂದು ಬಾಕಿ. ನಿಜ ಹೇಳಬೇಕೆಂದರೆ, ಆ ಸಂಸ್ಥೆಯಿಂದ ಧರ್ಮಕ್ಕೆ ಸಿಕ್ಕಿದ್ದೆಲ್ಲ ನಿನಗೇ: ಬೀದಿಯ ಜನರ ಧರ್ಮದೇಟು!

ಆಮೇಲೆ ಅತ್ತರು ಸಾಹೇಬರು ತಾವೇ ಗುಂಡಿ ತೋಡಿಕೊಂಡರು. ಬ್ರೇಕು ಹಿಡಿಯುತ್ತಿಲ್ಲವೆಂದು ಡ್ರೈವರ್ ಹೇಳಿದ್ದನೇ ಎಂದು ನ್ಯಾಯಾಧೀಶೆ ಕೇಳಿದ್ದಕ್ಕೆ ಎದೆಯುಬ್ಬಿಸಿ, "ಹೇಳಿದ್ದ. ದೇವರ ಕೆಲಸ, ದೇವರೇ ನಿಲ್ಲಿಸ್ತಾನೆ, ಓಡಿಸು ಅಂದೆ" ಅಂದುಬಿಟ್ಟರು. ಭಕ್ತಿ ತೋರಿಸಿದೆನೆಂದು ಅವರ ಲೆಕ್ಕ. ವಕೀಲರು ತಲೆಯ ಮೇಲೆ ಕೈ ಹೊತ್ತರು. ಗಾಡಿ ಕೆಟ್ಟಿದೆಯೆಂದು ಗೊತ್ತಿದ್ದೂ ಬೀದಿಗೆ ಬಿಟ್ಟದ್ದು ಸಂಸ್ಥೆಯ ತಪ್ಪು, ದಾನ ಮಾಡುವವರಾದರೂ ಹೊಣೆ ತಪ್ಪದು, ಕಾಲು ಮುರಿದ ಟೈಲರಮ್ಮನಿಗೆ ಪೂರಾ ಪರಿಹಾರ ಸಂಸ್ಥೆಯೇ ಕೊಡಬೇಕು ಎಂದು ತೀರ್ಪಾಯಿತು.

ಮೆಟ್ಟಿಲ ಮೇಲೆ ಕೂತು ಗೊಳೋ ಎಂದು ಅತ್ತೆ. ಸೋತವಳೆಂದು ತಿಳಿದು ಯಾರೋ ನೀರು ಕೊಟ್ಟರು. ಸುಮ್ಮನೆ ಕುಡಿದೆ. ಎಷ್ಟು ಹಗುರವಾಯಿತು ಗೊತ್ತೇನೋ ಜೀವಕ್ಕೆ!

ಚಿಕ್ಕಮ್ಮನಿಗೆ ನಮಸ್ಕಾರ ಹೇಳು. ಅಮ್ಮ ನಿನ್ನ ತಲೆ ಸವರಿದಳೆಂದು ತಿಳಿದುಕೋ. ನೂರು ಕಾಲ ಚೆನ್ನಾಗಿರು.

ಸದಾ ಬೈಯುವ ನಿನ್ನ
ಅಕ್ಕ

ಮರೆತೇಬಿಟ್ಟಿದ್ದೆ: ಟೈಲರಮ್ಮನಿಗೆ ಮುಖ ತೋರಿಸಲಾರೆನೆಂದೇ ತಾನೇ ನೀನು ಊರು ಬಿಟ್ಟಿದ್ದು? ಅವಳು ಊರುಗೋಲೂರಿಕೊಂಡು ಆ ಮೆಟ್ಟಿಲಿಗೇ ಬಂದು ನನ್ನ ಪಕ್ಕ ಕೂತಳು. "ಅವತ್ತು ನನ್ನ ಆಸ್ಪತ್ರೆಗೆ ಎತ್ಕೊಂಡು ಓಡೋವಾಗ ನೋವು ತಡೀಲಾರದೆ ನಿಮ್ಮ ತಮ್ಮನ ಕೈ ಕಚ್ಚಿಬಿಟ್ಟೆ. ರಕ್ತ ಬಂದ್ರೂ ಕೆಳಗಿಳಿಸ್ಲಿಲ್ಲ. ವಾಸಿ ಆಯ್ತಾ? ಒಂದ್ಸಲ ಬಂದು ತೋರಿಸೋಕೆ ಹೇಳಿ" ಅಂದಳು. ನಾಯಿ ಕಚ್ಚಿತು ಅಂದಿದ್ದೆಯಲ್ಲೋ, ಕಳ್ಳ! ಇಂಜೆಕ್ಷನ್ ಬೇರೆ ಹಾಕಿಸಿದೆವಲ್ಲೋ! ಭಾನುವಾರದ ಬಸ್ಸಿಗೆ ಹೊರಟು ಬಾ. ಅವಳು ಕಾಯುತ್ತಾಳೆ.