ಗೋತ್ರ ಗೊತ್ತಿಲ್ಲದ ಲಾಟ್‌ಸಾಹೇಬ

ವಾರಾಣಸಿ
ಅಕ್ಟೋಬರ್ ೧೫, ೧೯೯೩

ಅಪ್ಪಾ,

ಇದನ್ನು ನಿಮಗೆ ಹೇಳದೇ ಬಿಡುವವಳಿದ್ದೆ. ಇವತ್ತು ಹನುಮಾನ್ ಘಾಟಿನಲ್ಲಿ ತಮ್ಮ ಬದರಿ ನಿಮಗೆ ಪಿತೃಪಕ್ಷದ ಶ್ರಾದ್ಧ ಮಾಡಿದ. ಕೊನೆಗೆ ದಿಕ್ಕಿಲ್ಲದೆ ಸತ್ತವರಿಗೆ ಎಳ್ಳುನೀರು ಬಿಡುವಾಗ ನಾನು ಸರ್ ಆಂಬ್ರೋಸ್ ಪೆಲ್ಲಿಂಗನ ಹೆಸರು ಹೇಳಿದೆ.

"ನಿನ್ನ ಲಾಟ್‌ಸಾಹೇಬನ ಗೋತ್ರ ಯಾವ್ದೇ ಅಕ್ಕಾ?"

"ಗೊತ್ತಿಲ್ಲ ಕಣೋ."

"ಹಾಗಾದ್ರೆ ಕಾಶ್ಯಪ. ಗೋತ್ರ ತಿಳೀದವ್ರಿಗೆಲ್ಲ ಅದೇ ಅಂತ ಅಪ್ಪ ಹೇಳ್ತಿರ್ಲಿಲ್ವೇ?" ಎಂದು ನಕ್ಕು ನೀರು ಬಿಟ್ಟ.

ಮುನ್ನೂರೈವತ್ತು ವರ್ಷದ ಹಿಂದೆ ನಾಲ್ಕು ಸಲ ಇಂಗ್ಲೆಂಡಿನ ಪಾರ್ಲಿಮೆಂಟಿಗೆ ಹೋಗಿ ಒಮ್ಮೆಯೂ ಬಾಯಿಬಿಡದೆ, ಮಕ್ಕಳಿಲ್ಲದೆ ಸತ್ತ ಆ ಸಣ್ಣ ಜಮೀನ್ದಾರನ ಕತೆಯನ್ನು ನನ್ನಿಂದ ಮತ್ತೆ ಮತ್ತೆ ಕೇಳಿದವರು ನೀವೊಬ್ಬರೇ. "ಆಮೇಲೆ?" ಎನ್ನುತ್ತಿದ್ದಿರಿ.

ನಿಮ್ಮ ಕಾಯಿಲೆಯ ಟೆಲಿಗ್ರಾಂ ಬಂದಾಗ ನಾನು ಸಂಶೋಧನೆಗೆಂದು ಲಂಡನ್ನಿನಲ್ಲಿ ಅವನ ಉಯಿಲು ಓದುತ್ತಿದ್ದೆ. ಇನ್ನು ಐದು ದಿನದ ಕೆಲಸವಿತ್ತು. ಮುಗಿಸಿಯೇ ಬಂದೆ. ಅಷ್ಟರಲ್ಲಿ ನೀವು ಹೋಗಿಬಿಟ್ಟಿದ್ದಿರಿ.

ಉಯಿಲಿನಲ್ಲಿ ಅವನು ಯಾರನ್ನು ನೆನೆದ ಎಂಬುದನ್ನು ಇನ್ನೂ ಯಾರಿಗೂ ಹೇಳಿಲ್ಲ. ಮೊದಲು ನಿಮಗೇ ಹೇಳಬೇಕೆಂದಿದ್ದೆ.

ಅಂದು ಟೆಲಿಗ್ರಾಂ ಬಂದ ದಿನವೇ ಹೊರಟಿದ್ದರೆ ನಾನು ಮನೆ ತಲುಪುತ್ತಿದ್ದ ತಾರೀಖಿಗೇ ಈ ವರ್ಷ ಇದನ್ನು ಪೋಸ್ಟ್ ಮಾಡುತ್ತೇನೆ: ನವೆಂಬರ್ ಒಂಬತ್ತು.