ನಿಧಾನ ಕಟ್ಟೆಯ ಚಂದಾ

ಮಾರ್ಚ್ 3, ಸೋಮವಾರ. ಬೆಳಿಗ್ಗೆ 8.10

ದಿನಾ ಬೆಳಗಿನ ಆನ್‌ಲೈನ್ ಕೂಟ ಮುಗಿಯಿತು. ಹನ್ನೊಂದು ಜನ. ಇವತ್ತಿನ ನಗು ಟೈಲರ್ ಅಣ್ಣನದು. ಗಿರಾಕಿಯೊಬ್ಬರು ಪ್ಯಾಂಟು ತಂದು ಸಡಿಲ ಮಾಡಿಕೊಡಿ ಅಂದರಂತೆ. ಇವರು ಎಷ್ಟಿಂಚು ಅಂತ ಕೇಳಲು "ಎ... ಎ... ಎ..." ಅನ್ನುವಷ್ಟರಲ್ಲಿ ಆ ಮನುಷ್ಯ ಗಾಬರಿಯಾಗಿ, "ಗೊತ್ತು ಸ್ವಾಮಿ, ಹೊಟ್ಟೆ ಬಂದಿದೆ, ಎರಡಿಂಚು ಬಿಡಿ" ಎಂದು ತಪ್ಪೊಪ್ಪಿಕೊಂಡರಂತೆ. ಹೇಳಲು ಆರು ನಿಮಿಷ. ನಕ್ಕು ನಕ್ಕು ಹೊಟ್ಟೆ ಹುಣ್ಣು.

ಆಮೇಲೆ ಮೇಲ್ ನೋಡಿದೆ. ನಗು ಇಳಿಯಿತು. ನಮ್ಮ ಆನ್‌ಲೈನ್ ಕಟ್ಟೆಗೆ ಜಾಗ ಕೊಟ್ಟ ಕಂಪನಿಯವರು ಏಪ್ರಿಲ್‌ನಿಂದ ಬಾಡಿಗೆ ಎರಡು ಪಟ್ಟು ಮಾಡುತ್ತಾರಂತೆ. ಆರು ವರ್ಷದ ಹಿಂದೆ ನಾಲ್ಕು ಜನ ಉಗ್ಗುವವರು ಸೇರಿ ಶುರು ಮಾಡಿದ್ದು. ಈಗ ಮುನ್ನೂರು ಚಿಲ್ಲರೆ. ನಿಯಮ ಒಂದೇ — ಯಾರ ಮಾತನ್ನೂ ಇನ್ನೊಬ್ಬರು ಮುಗಿಸಿಕೊಡಬಾರದು. ಕಾಯಬೇಕು. ದುಡ್ಡಿಗೆ ಮಾತ್ರ ನಿಯಮವಿಲ್ಲ. ಇದ್ದವರು ಇದ್ದಷ್ಟು ಹಾಕುತ್ತಾರೆ. ಫೆಬ್ರವರಿಯಲ್ಲಿ ಹಾಕಿದವರು ಹತ್ತೊಂಬತ್ತು.

ಮಾರ್ಚ್ 5. ಸಂಜೆ

ಅಕ್ಕನಿಗೆ ಹೇಳಬಾರದಿತ್ತು. ಹೇಳಿದೆ.

"ಅಕ್ಕಾ, ಕಟ್ಟೆಗೆ ಫೀ... ಫೀ..."

"ಫೀಸ್ ಇಡು ಅಂತ ಎಷ್ಟು ವರ್ಷದಿಂದ ಬಡ್ಕೊಳ್ತಿದೀನಿ! ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಇರಲ್ಲ ಕಣೇ."

ನಾನು ಹೇಳಹೊರಟಿದ್ದು, ಫೀಸ್ ಇಡಲು ಮನಸ್ಸಿಲ್ಲ ಅಂತ. ಇರಲಿ. ನಲವತ್ತನಾಲ್ಕು ವರ್ಷದಿಂದ ನನ್ನ ಅರ್ಧ ಮಾತು ಅವಳೇ ಆಡಿದ್ದಾಳೆ. ಪ್ರೀತಿಯಿಂದಲೇ. ಚಿಕ್ಕವಳಿದ್ದಾಗ ಅಪ್ಪ ಸೈಕಲ್ ಬೇಕಾ ಅಂದಾಗ ನಾನು "ಬೇ... ಬೇ..." ಅಂತಿದ್ದೆ. "ಬೇಡವಂತೆ ಅಪ್ಪಾ" ಅಂದಳು. ಇವತ್ತಿಗೂ ನನಗೆ ಸೈಕಲ್ ಬರುವುದಿಲ್ಲ.

ಮಾರ್ಚ್ 7. ಮಧ್ಯಾಹ್ನ, ಅಂಗಡಿಯಲ್ಲಿ

ಲೆನ್ಸ್ ಉಜ್ಜುವ ಯಂತ್ರ ಆರಲೆಂದು ಬಿಟ್ಟು ಬರೆಯುತ್ತಿದ್ದೇನೆ. ಕನ್ನಡಕದ ಅಂಗಡಿಯ ಕೆಲಸದಲ್ಲಿ ಇದೊಂದು ಸುಖ, ಒಳಕೋಣೆಯಲ್ಲಿ ಯಾರೊಂದಿಗೂ ಮಾತಿಲ್ಲ.

ಮೇಷ್ಟ್ರ ಜೊತೆ ಚಾಟ್. ರಿಟೈರ್ಡ್ ಗಣಿತದ ಮೇಷ್ಟ್ರು, ನಮ್ಮ ಖಜಾಂಚಿ. ಮಾತು ನಿಧಾನ, ಟೈಪಿಂಗ್ ಮಿಂಚು.

"ಎರಡು ತಿಂಗಳಿಗಾಗೋಷ್ಟು ಇದೆಯಮ್ಮಾ. ಆಮೇಲೆ ಬಾಗಿಲು ಹಾಕೋದೇ. ತಿಂಗಳಿಗೆ ತಲಾ ಎಂಬತ್ತು ರೂಪಾಯಿ ಇಡೋಣ. ಕಷ್ಟ ಇದ್ದೋರು ನಿನಗೆ ತಿಳಿಸಲಿ, ಮಾಫಿ ಮಾಡು."

"ಮೇಷ್ಟ್ರೇ, ಟಿಕೆಟ್ ಕೇಳೋಕೇ ಮೂರು ಬಸ್ ಬಿಡೋ ಜನ ನಾವು. ನನ್ನ ಕೈಲಿ ಕೊಡೋಕಾಗಲ್ಲ ಅಂತ ಬಾಯಿಬಿಟ್ಟು ಕೇಳ್ತಾರಾ?"

"ಅದು ಲೆಕ್ಕದಲ್ಲಿ ಬರಲ್ಲಮ್ಮಾ."

ನನ್ನ ಭಯ ಅದೇ. ಕೊಡಲಾಗದವರು ಜಗಳವಾಡುವುದಿಲ್ಲ. ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ. ಒಬ್ಬರು ಹಾಗೆ ಹೋದರೂ ಈ ಕಟ್ಟೆ ಯಾಕೆ ಬೇಕು?

ಮಾರ್ಚ್ 9, ಭಾನುವಾರ. ಬೆಳಿಗ್ಗೆ 8.05

ಅಯ್ಯೋ.

ಚಂದಾ ಬಗ್ಗೆ ಎಲ್ಲರ ಸಭೆ. ನಲವತ್ತು ಜನ. ಎಂಬತ್ತು ಅಂತ ಮೇಷ್ಟ್ರು ಹೇಳಿ ಮುಗಿಸಿದರು. ಏಳು ಐವತ್ತಮೂರಕ್ಕೆ ಟೈಲರ್ ಅಣ್ಣ ಶುರು ಮಾಡಿದರು. "ಈ ಎಂ... ಎಂಬತ್ತು... ನನ್ನ ಕೈಲಿ... ನ... ನ..." ನಿಂತಿತು. ಕಾದೆವು. ನಮ್ಮ ಕೂಟದ ಲೈನು ಎಂಟಕ್ಕೆ ತಾನಾಗಿಯೇ ಕಡಿಯುತ್ತದೆ. ಎಲ್ಲರಿಗೂ ಗೊತ್ತು. ಎಲ್ಲರೂ ಗಡಿಯಾರ ನೋಡಿಕೊಂಡೇ ಕೂತೆವು. ಹೊತ್ತಾಯಿತು ಅಣ್ಣಾ ಅಂತ ಒಬ್ಬರಾದರೂ ಅನ್ನಬೇಡವೇ? ಅಂದರೆ ಅವಸರ ಮಾಡಿದಂತೆ. ನಮ್ಮಂಥವರು ಮಾತ್ರ ಮಾಡುವ ತಪ್ಪು ಇದು. ಏಳು ನಿಮಿಷ ಕಾದು, ಅವರ "ನ" ಮೇಲೆಯೇ ಲೈನು ಕಡಿದು ಹೋಯಿತು.

ಅದೇ ದಿನ, 11.00

ಟೈಲರ್ ಅಣ್ಣ ಹೋದ ತಿಂಗಳು ಅಂಗಡಿ ಖಾಲಿ ಮಾಡಿದ್ದಾರೆ, ಮನೆಯಲ್ಲೇ ಹೊಲಿಗೆ. ನನ್ನ ಕೈಲಿ ಆಗಲ್ಲ ಅಂತ ನಲವತ್ತು ಜನರ ಮುಂದೆ ಹೇಳಲು ಹೆಣಗಿದರಲ್ಲ, ಪಾಪ. ಅವರ ಹೆಸರನ್ನು ಮಾಫಿ ಪಟ್ಟಿಗೆ ಸೇರಿಸಿದೆ. ಮೆಸೇಜೂ ಕಳಿಸಿದೆ — "ಅಣ್ಣಾ, ನಿಮಗೆ ಚಂದಾ ಇಲ್ಲ. ಇನ್ನೇನೂ ಹೇಳುವ ಕಷ್ಟ ತಗೋಬೇಡಿ."

ಮನಸ್ಸು ಹಗುರ.

ಮಾರ್ಚ್ 10

ಟೈಲರ್ ಅಣ್ಣ ಬರಲಿಲ್ಲ. ಕೆಲಸ ಇರಬೇಕು.

ಮಾರ್ಚ್ 12

ಇಲ್ಲ.

ಮಾರ್ಚ್ 18. ಸಂಜೆ

ಒಂಬತ್ತು ದಿನ. ಆರು ವರ್ಷದಲ್ಲಿ ಅವರು ತಪ್ಪಿಸಿದ್ದು ಒಟ್ಟು ನಾಲ್ಕು ಕೂಟ, ಅದೂ ಮಗಳ ಹೆರಿಗೆಗೆ. ಇಂದು ಬೆಳಿಗ್ಗೆ ಬಂದವರು ಆರು. ಯಾರೂ ನಗಲಿಲ್ಲ.

"ಅವರಿಗೇನಾದ್ರೂ ಬರೆದಿದ್ಯೇನಮ್ಮಾ?" ಎಂದು ಮೇಷ್ಟ್ರು ಕೇಳಿದರು. ಮೆಸೇಜನ್ನು ಹಾಗೇ ಕಳಿಸಿದೆ. ಮಿಂಚಿನಂತೆ ಟೈಪ್ ಮಾಡುವವರು ಈ ಸಲ ತಡ ಮಾಡಿದರು.

"ಅವರ ಮಾತನ್ನ ನೀನೇ ಮುಗಿಸಿಬಿಟ್ಯಲ್ಲಮ್ಮಾ."

ಇನ್ನೇನೂ ಹೇಳಬೇಡಿ ಅಂತ ಬರೆದವಳು ನಾನು. ನಾನು! ಈ ಕಟ್ಟೆ ಕಟ್ಟಿದವಳು. ಉಪಕಾರ ಮಾಡುತ್ತೇನೆಂದು ಹೋಗಿ ಮನುಷ್ಯನ ಬಾಯಿಗೆ ಬೀಗ ಹಾಕಿದೆ. ಅಡುಗೆಮನೆಯಲ್ಲಿ ನಿಂತು ಅತ್ತೆ. ಅಕ್ಕ ಬಂದಳು. ಏನೂ ಕೇಳದೆ ಒಲೆ ಆರಿಸಿದಳು, ಪಾತ್ರೆ ತಳ ಹಿಡಿದಿತ್ತು.

ಮಾರ್ಚ್ 19. ಮಧ್ಯಾಹ್ನ

ಮೆಸೇಜಿನಲ್ಲಿ ಮಾಡಿದ ತಪ್ಪಿಗೆ ಮೆಸೇಜಿನಲ್ಲೇ ಕ್ಷಮೆ ಕೇಳಿದರೆ ಅದು ಹೇಡಿತನ. ಫೋನ್ ಮಾಡಬೇಕು. ನಮಗೆ ಫೋನ್ ಅಂದರೆ ಹುಲಿ. ಅಂಗಡಿಯ ಹಿಂದಿನ ಮೆಟ್ಟಿಲ ಮೇಲೆ ಕೂತು ನಾಲ್ಕು ಸಲ ನಂಬರ್ ಒತ್ತಿ ಅಳಿಸಿದೆ. ಐದನೇ ಸಲ ಅವರು ಎತ್ತಿಬಿಟ್ಟರು.

ಹಲೋ ಅನ್ನಲೂ ಆಗಲಿಲ್ಲ. "ಅ... ಅ..." ಅಷ್ಟೇ. ಆ ಕಡೆ ಹೊಲಿಗೆ ಯಂತ್ರದ ಸದ್ದು ನಿಂತಿತು. ಯಾರು ಅಂತ ಕೇಳಲಿಲ್ಲ, ಇಟ್ಟುಬಿಡಲಿಲ್ಲ. ಅವರು ಕಾದರು. ಕೊನೆಗೆ ಬಂತು.

"ಅಣ್ಣಾ... ತಪ್ಪಾ... ತಪ್ಪಾಯ್ತು. ನಿಮ್ಮ ಮಾತು ನಾನು... ಕೇ... ಕೇಳ್ಲೇ ಇಲ್ಲ."

ಅವರ ಮಾತು ಒಂದೊಂದಾಗಿ ಬಂತು —

"ಬೇ... ಬೇಜಾರಾಯ್ತು ತಂಗೀ. ಸುಳ್ಳ್ಯಾಕೆ. ಹೊರಗಡೆ ಎ... ಎಲ್ರೂ ಹಂಗೇ ಮಾಡ್ತಾರೆ. ಕಟ್ಟೇಲೂನಾ ಅಂತ."

ಸಾಯುವವರೆಗೂ ಚುಚ್ಚಲು ಈ ಒಂದು ಮಾತು ಸಾಕು ನನಗೆ.

"ಭಾನು... ಭಾನುವಾರ ಬರ್ತೀನಿ. ಎಲ್ರ ಮುಂದೇನೇ ಮು... ಮುಗಿಸ್ತೀನಿ."

ಮಾಫಿ ಪಟ್ಟಿಯನ್ನೇ ಅಳಿಸಿಹಾಕಿದೆ.

ಮಾರ್ಚ್ 23, ಭಾನುವಾರ. 7.40

ಕೂಟದಲ್ಲೇ ಬರೆಯುತ್ತಿದ್ದೇನೆ, ಮೈಕ್ ಮುಚ್ಚಿ. ಐವತ್ತೆರಡು ಜನ. ಮೇಷ್ಟ್ರು ಕೈಯಿಂದ ದುಡ್ಡು ಹಾಕಿ ಇವತ್ತಿನ ಲೈನನ್ನು ಹತ್ತರವರೆಗೆ ತೆಗೆಸಿದ್ದಾರೆ. "ಇದೂ ಲೆಕ್ಕದಲ್ಲಿ ಬರಲ್ಲಮ್ಮಾ" ಅಂದರು.

ಟೈಲರ್ ಅಣ್ಣ ಶುರು ಮಾಡಿ ಒಂಬತ್ತು ನಿಮಿಷ. ಅಂದು ನಿಂತಿದ್ದ "ನ" ಅನ್ನು ದಾಟಿದ್ದಾರೆ.

"ಈ ಎಂಬತ್ತು... ನನ್ನ ಕೈಲಿ ನೂ... ನೂರರವತ್ತು ಕೊಡೋಕಾಗುತ್ತೆ. ಮನೇಲಿ ಹೊಲಿದ್ರೆ ಅಂ... ಅಂಗಡಿ ಬಾಡಿಗೆ ಉಳೀತು. ಒಂದು ಪಾಲು ನನಗೆ. ಇನ್ನೊಂದು, ಕೇ... ಕೇಳೋಕೆ ನಾಚ್ಕೆ ಪಡೋರಿಗೆ. ಯಾರು ಅಂತ ನಂಗೂ ಬೇಡ, ನಿ... ನಿಮಗೂ ಬೇಡ. ಅವರು ಸುಮ್ನೆ ಬಂದು ಕೂ... ಕೂತ್ಕೊಳ್ಳಲಿ."

ಆಗಲ್ಲ ಅಂತಲ್ಲ. ಎರಡು ಪಾಲು ಅಂತ. ಅದನ್ನು ಹೇಳಲು ಅಷ್ಟು ಹೆಣಗಿದವರಿಗೆ ನಾನು ಮಾಫಿ ಕೊಟ್ಟೆ.

7.58

ಚಾಟ್‌ನಲ್ಲಿ ಒಂದೊಂದೇ ಸಾಲು ಬೀಳುತ್ತಿದೆ. "ನನ್ನದೂ ಎರಡು." "ನನ್ನದು ಒಂದೂವರೆ, ಸಂಬಳ ಹೆಚ್ಚಾದ ಮೇಲೆ ಎರಡು." ಒಬ್ಬರು ಬರೀ "ಅರ್ಧ" ಅಂತ ಬರೆದರು, ಯಾರೂ ಏನೂ ಅನ್ನಲಿಲ್ಲ. ಚಂದಾ ಫಾರ್ಮಿನಲ್ಲಿ ಒಂದೇ ಖಾನೆ ಸಾಕು — ಎಷ್ಟು ಪಾಲು. ಸೊನ್ನೆಯೂ ಬರೆಯಬಹುದು. ಕಾರಣ ಕೇಳುವ ಖಾನೆ ಇಲ್ಲ. ಬಾಡಿಗೆ ಹುಟ್ಟುತ್ತದೆ ಅಂತ ಮೇಷ್ಟ್ರು ಹೆಬ್ಬೆರಳೆತ್ತಿದ ಚಿತ್ರ ಕಳಿಸಿದ್ದಾರೆ.

8.06

"ತಂಗಿ ಏನಂತಾರೆ?" ಎಂದು ಕೇಳುತ್ತಿದ್ದಾರೆ ಟೈಲರ್ ಅಣ್ಣ.

ಮಾಡಿದ್ದನ್ನು ಎಲ್ಲರೆದುರು ಒಪ್ಪಿಕೊಳ್ಳಬೇಕು. ಮೊದಲ ಅಕ್ಷರವೇ ಗಂಟಲಲ್ಲಿ ಕಚ್ಚಿ ಕೂತಿದೆ. ಕೂತಿರಲಿ. ಐವತ್ತೆರಡು ಜನ ಕಾಯುತ್ತಿದ್ದಾರೆ. ಮೈಕ್ ಒತ್ತುತ್ತಿದ್ದೇ—