ಅಪ್ಪನ ಎಂಜಿನ್‌ಗೆ ಚಿಕ್ಕಪ್ಪನ ಗಾಡಿ

ಎವರಿಸ್ಟೊ ಅಣ್ಣಾ,

ತೀರಿಹೋದ ಅಪ್ಪನ ಗಾಡಿಯ ಡೀಸೆಲ್ ಎಂಜಿನ್ನನ್ನು ನಿನ್ನ ಪಿಕಪ್‌ಗೆ ಕೂರಿಸಬೇಡ. ನಿನ್ನೆ ಫ್ರೆಸ್ನೋದಲ್ಲಿ ಹೊಗೆ ತಪಾಸಣೆಯವರನ್ನು ಕೇಳಿದೆ. "ಎಂಜಿನ್ನು ಗಾಡಿಗಿಂತ ಹಳೇದಿದ್ರೆ ಒಪ್ಪಲ್ಲಮ್ಮ," ಅಂದರು. ಅದು 2003ರದು, ನಿನ್ನ ಗಾಡಿ 2011ರದು. ಅಪ್ಪನದು ಅಂತ ಉಳಿದಿರುವುದು ಅದೊಂದೇ ಎಂದೆ. ಅದಕ್ಕವರು, "ಹಂಗಾದ್ರೆ ಅದಕ್ಕಿಂತ ಹಳೇ ಗಾಡಿ ಹುಡುಕಿ," ಅಂದರು.

ನನಗೆ ಹೊಳೆದದ್ದು ಅಡೆಲಿನೊ ಚಿಕ್ಕಪ್ಪನ 1999ರ ಡೀಸೆಲ್ ಪಿಕಪ್. ಎಂಜಿನ್ ಕೆಟ್ಟು ಶೆಡ್ಡಿನಲ್ಲೇ ನಿಂತಿದೆ. ಬೈಯಬೇಡ, ಫೋನ್ ಮಾಡಿದೆ.

"ಕೊಡ್ತೀನಿ ಕಣೇ. ಆದ್ರೆ ನಿಮ್ಮಣ್ಣ ನಮ್ಮಣ್ಣನ ಮಣ್ಣಿಗೂ ನನ್ನ ಕರೀಲಿಲ್ಲ. ಅವನೇ ಬಂದು ಕೇಳ್ಲಿ," ಅಂದರು.

ಅವರು ಹೇಳಿದ್ದರಲ್ಲಿ ಸುಳ್ಳಿಲ್ಲ ಅಣ್ಣಾ. ಅವರನ್ನು ಕರೆಯೋಣ ಅಂತ ಅವತ್ತು ನಾನೂ ಬಾಯಿ ಬಿಡಲಿಲ್ಲ.

ಅಪ್ಪನ ಜಖಂ ಗಾಡಿಯ ಸೈಲೆನ್ಸರ್ ಕತ್ತರಿಸಬೇಡ. ಅದರಲ್ಲಿರುವವೂ ಸೇರಿ ಹೊಗೆ ಶುದ್ಧ ಮಾಡುವ ಭಾಗಗಳೆಲ್ಲ ಎಂಜಿನ್ ಜೊತೆಗೇ ಹೋಗಬೇಕಂತೆ. ನಾಯಿಗೆ ನೀರಿಡು.

ನಾನು ಡೈರಿ ಕೆಲಸಕ್ಕೆ ಹೊರಟೆ, ಸಂಜೆ ಬರುತ್ತೇನೆ. ನೀನು ಚಿಕ್ಕಪ್ಪನ ಮನೆಗೆ ಹೋಗು. ಹೋದ ತಕ್ಷಣ ಗಾಡಿಯ ಮಾತು ಎತ್ತಬೇಡ, ಮೊದಲು ತಪ್ಪಾಯಿತು ಅನ್ನು.

ಇವತ್ತು ಬೇಕೆಂದೇ ಅಡುಗೆ ಮಾಡಿಲ್ಲ. ಚಿಕ್ಕಪ್ಪ ಊಟ ಮಾಡಿಕೊಂಡು ಹೋಗು ಅನ್ನುತ್ತಾರೆ. ಇಲ್ಲ ಅನ್ನಬೇಡ.

ಡೆಲ್ಫಿನಾ